ಸುರಿನಾಮ್‌ಗೆ ಹೊರಡುವ ಮುನ್ನ

ಕೋಲಾರ: ದಕ್ಷಿಣ ಅಮೆರಿಕ ಖಂಡದ ಈಶಾನ್ಯ ಅಂಚಿನಲ್ಲಿ, ಗಯಾನಾ ಮತ್ತು ಫ್ರೆಂಚ್ ಗಯಾನಾಗಳ ನಡುವೆ ಸುರಿನಾಮ್ ಎಂಬ ದೇಶವಿದೆ. ಅದರ ವಿಸ್ತೀರ್ಣ ಸುಮಾರು 1.63 ಲಕ್ಷ ಚದರ ಕಿಲೋಮೀಟರ್. ಅಂದರೆ ಕರ್ನಾಟಕಕ್ಕಿಂತ ತುಸು ಚಿಕ್ಕದು. ಜನಸಂಖ್ಯೆಯಾದರೋ ಆರು ಲಕ್ಷ ಚಿಲ್ಲರೆ ಮಾತ್ರ. 2011ರ ಜನಗಣತಿಯ ಪ್ರಕಾರ ಕೋಲಾರ ಜಿಲ್ಲೆಯೊಂದರಲ್ಲೇ 15 ಲಕ್ಷಕ್ಕೂ ಹೆಚ್ಚು ಜನರಿದ್ದರು ಎಂಬುದನ್ನು ನೆನೆದರೆ, ಆ ದೇಶ ಎಷ್ಟು ವಿರಳ ಜನವಸತಿಯದೆಂಬುದು ಮನವರಿಕೆಯಾದೀತು. ಭೂಭಾಗದ ಶೇ. 90ಕ್ಕೂ ಹೆಚ್ಚು ಪ್ರದೇಶ ದಟ್ಟ ಮಳೆಕಾಡು. ಜನರೆಲ್ಲ ನೆಲೆಸಿರುವುದು ಬಹುಪಾಲು ರಾಜಧಾನಿ ಪಾರಾಮಾರಿಬೋ ಮತ್ತು ಕರಾವಳಿಯ ಕಿರಿದಾದ ಪಟ್ಟಿಯಲ್ಲಿ. ಆಡಳಿತ ಭಾಷೆ ಡಚ್.

ಇಂಥ ದೇಶದ ಹೆಸರು ಉದ್ಯೋಗಾಕಾಂಕ್ಷಿಗಳ ಕಿವಿಗೆ ಬೀಳುವುದಕ್ಕೆ ಕಾರಣವಿದೆ. ಸುರಿನಾಮ್ ಕಡಲಾಚೆಯ ತೈಲ ನಿಕ್ಷೇಪದಲ್ಲಿ ಸುಮಾರು 1,050 ಕೋಟಿ ಡಾಲರ್ ಹೂಡುವ ಯೋಜನೆಗೆ ಫ್ರಾನ್ಸಿನ ಟೋಟಲ್ ಎನರ್ಜೀಸ್ ಸಂಸ್ಥೆ ಮತ್ತು ಅದರ ಪಾಲುದಾರರು 2024ರ ಅಕ್ಟೋಬರ್‌ನಲ್ಲಿ ಅಂತಿಮ ಒಪ್ಪಿಗೆ ನೀಡಿದರು. 2028ರಲ್ಲಿ ತೈಲ ಹೊರಬರಬೇಕೆಂಬುದು ಗುರಿ. ಪಕ್ಕದ ಗಯಾನಾದಲ್ಲಿ 2019ರ ಕೊನೆಯಲ್ಲಿ ತೈಲೋತ್ಪಾದನೆ ಆರಂಭವಾದ ಮೇಲೆ ಆ ದೇಶದ ಚಹರೆಯೇ ಬದಲಾಯಿತು. ಅದೇ ಭಾಗ್ಯ ತಮ್ಮದೂ ಆಗಲೆಂದು ಸುರಿನಾಮಿನವರು ಕಾಯುತ್ತಿದ್ದಾರೆ. ಇದರ ಜೊತೆಗೆ ಚಿನ್ನದ ಗಣಿಗಳಿವೆ. ಚಿನ್ನವೆಂದೊಡನೆ ಕೋಲಾರದವರ ಕಿವಿ ನಿಮಿರುವುದು ಸಹಜವೇ.

ಚಿನ್ನದ ನಾಡಿನಿಂದ ಚಿನ್ನದ ನಾಡಿಗೆ

ಕೆಜಿಎಫ್‌ನಲ್ಲಿ 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಹೆಜ್ಜೆಯಿಟ್ಟಿತು; 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಆ ಪಟ್ಟಣದ ಸಾವಿರಾರು ಮಂದಿ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಬದುಕಿಗೆ ಒಗ್ಗಿಕೊಂಡಿದ್ದಾರೆ. ಗಣಿ ಕೆಲಸದ ಅನುಭವವುಳ್ಳ ಕುಟುಂಬಗಳಿಗೆ ಹೊರದೇಶದ ಗಣಿಯಲ್ಲಿ ಅವಕಾಶವಿರಬಹುದೇ ಎಂಬ ಪ್ರಶ್ನೆ ಆದ್ದರಿಂದ ಅಪ್ರಸ್ತುತವೇನಲ್ಲ.

ಆದರೆ ಎರಡೂ ಕಡೆಯ ಗಣಿಗಾರಿಕೆಯ ಸ್ವರೂಪ ಬೇರೆ. ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿತ್ತು. ಅಲ್ಲಿನ ಕಾರ್ಮಿಕನ ಕೌಶಲವೆಂದರೆ ಕತ್ತಲೆಯ ಸುರಂಗ, ಕಾವು, ಬಂಡೆ ಸಿಡಿತಗಳೊಡನೆ ಏಗುವ ಕೌಶಲ. ಸುರಿನಾಮಿನ ಎರಡು ದೊಡ್ಡ ಗಣಿಗಳಾದ ರೋಸ್‌ಬೆಲ್ ಮತ್ತು ಮೇರಿಯನ್‌ಗಳಲ್ಲಿ ಮುಖ್ಯವಾಗಿ ನಡೆಯುವುದು ಕಾಡಿನ ನಡುವಿನ ತೆರೆದ ಗಣಿಗಾರಿಕೆ. ರೋಸ್‌ಬೆಲ್ ಗಣಿ 2023ರಲ್ಲಿ ಚೀನಾದ ಜಿಜಿನ್ ಸಂಸ್ಥೆಯ ಪಾಲಾಯಿತು. ಮೇರಿಯನ್ ಅಮೆರಿಕದ ನ್ಯೂಮಾಂಟ್ ಸಂಸ್ಥೆಯ ನಿರ್ವಹಣೆಯಲ್ಲಿ 2016ರಲ್ಲಿ ಆರಂಭವಾದದ್ದು. ಇಂಥಲ್ಲಿ ಬೆಲೆಯಿರುವುದು ಭಾರಿ ಡಂಪರ್, ಎಕ್ಸ್‌ಕವೇಟರ್, ಡೋಜರ್‌ಗಳ ದುರಸ್ತಿ ಬಲ್ಲವರಿಗೆ. ಈ ದೃಷ್ಟಿಯಿಂದ, 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್‌ನ ಕೆಜಿಎಫ್ ಘಟಕದಲ್ಲೋ ಅದಕ್ಕೆ ಬಿಡಿಭಾಗ ಒದಗಿಸುವ ಕಾರ್ಖಾನೆಗಳಲ್ಲೋ ಪಳಗಿದ ಫಿಟ್ಟರ್, ವೆಲ್ಡರ್, ಹೈಡ್ರಾಲಿಕ್ ತಂತ್ರಜ್ಞರ ಅನುಭವವೇ ಹಳೆಯ ಗಣಿ ಅನುಭವಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ಕಾಡಿನೊಳಗೆ ಪರವಾನಗಿಯಿಲ್ಲದೆ ನಡೆಯುವ ಸಣ್ಣ ಗಣಿಗಳೂ ಅಲ್ಲಿ ಬಹಳ. ಪಾದರಸ ಬೆರೆಸಿ ಚಿನ್ನ ಬೇರ್ಪಡಿಸುವ ಈ ಕೆಲಸದಲ್ಲಿ ಆರೋಗ್ಯಕ್ಕೂ ರಕ್ಷಣೆಯಿಲ್ಲ, ಕೂಲಿಗೂ ಖಾತರಿಯಿಲ್ಲ. 'ಗೋಲ್ಡ್ ಮೈನ್‌ನಲ್ಲಿ ಕೆಲಸ' ಎಂದಷ್ಟೇ ಹೇಳಿ ಸಂಸ್ಥೆಯ ಹೆಸರು ಹೇಳದ ಏಜೆಂಟನ ಮಾತನ್ನು ಅಲ್ಲಿಗೇ ಕೈಬಿಡುವುದು ಲೇಸು.

ಕಾಗದವೇ ಮೊದಲು

ಸುರಿನಾಮ್‌ಗೆ ಭಾರತೀಯರು ಹೋದದ್ದು ಹೊಸದಲ್ಲ. 1863ರ ಜುಲೈ 1ರಂದು ಅಲ್ಲಿ ಗುಲಾಮಗಿರಿ ರದ್ದಾಯಿತು. ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದಾಗ ಡಚ್ಚರು ಬ್ರಿಟಿಷರೊಡನೆ ಒಪ್ಪಂದ ಮಾಡಿಕೊಂಡು ಕಲ್ಕತ್ತೆಯಿಂದ ಕೂಲಿಗಳನ್ನು ಸಾಗಿಸಿದರು. ಲಾಲ್ಲಾ ರೂಖ್ ಎಂಬ ಹಡಗು ಸುಮಾರು 400 ಮಂದಿಯನ್ನು ಹೊತ್ತು 1873ರ ಜೂನ್ 5ರಂದು ಪಾರಾಮಾರಿಬೋ ತಲುಪಿತು. 1916ರವರೆಗೆ ಹೀಗೆ ಹೋದವರು 34 ಸಾವಿರಕ್ಕೂ ಹೆಚ್ಚು. ಬಹುತೇಕರು ಇಂದಿನ ಉತ್ತರ ಪ್ರದೇಶ, ಬಿಹಾರದವರು. ದಲ್ಲಾಳಿಗಳು ದೇಶದ ಹೆಸರನ್ನು 'ಶ್ರೀರಾಮ' ಎಂದು ಧ್ವನಿಸುವಂತೆ ಉಚ್ಚರಿಸಿ, ಪುಣ್ಯಭೂಮಿಗೆ ಕರೆದೊಯ್ಯುತ್ತೇವೆಂದು ನಂಬಿಸಿದರೆಂಬ ಮಾತು ಅವರ ಸಂತತಿಯಲ್ಲಿ ಇಂದಿಗೂ ಪ್ರಚಲಿತ. ಹೋದವರು ಹೆಬ್ಬೆಟ್ಟೊತ್ತಿದ್ದು ಐದು ವರ್ಷದ ಕರಾರಿಗೆ. ಆ ಕರಾರು ಅವರಿಗೆ ಓದಲು ಬರುತ್ತಿರಲಿಲ್ಲ.

ಡಚ್ ಭಾಷೆಯ ಉದ್ಯೋಗ ಪತ್ರವೊಂದು ಇಂದು ಮುಳಬಾಗಿಲಿನ ಯುವಕನ ಕೈಗೆ ಬಂದರೆ ಅವನ ಸ್ಥಿತಿಯೂ ಅದಕ್ಕಿಂತ ಹೆಚ್ಚು ಭಿನ್ನವಲ್ಲ. ಆದ್ದರಿಂದ ಸಹಿ ಮಾಡುವ ಮೊದಲು ಇಂಗ್ಲಿಷ್ ಅನುವಾದವನ್ನು ಉದ್ಯೋಗದಾತರಿಂದಲೇ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಸಂಬಳ ಯಾವ ನಾಣ್ಯದಲ್ಲಿ, ವಸತಿ ಯಾರದು, ವೈದ್ಯಕೀಯ ವಿಮೆಯ ಕಂತು ಯಾರು ಕಟ್ಟುತ್ತಾರೆ, ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಮರಳುವ ಟಿಕೆಟ್ಟಿನ ವೆಚ್ಚ ಯಾರ ತಲೆಗೆ ಎಂಬಿಷ್ಟನ್ನು ಅದರಲ್ಲಿ ಹುಡುಕಬೇಕು. ಇಲ್ಲದಿದ್ದರೆ ಸೇರಿಸಲು ಕೇಳಬೇಕು.

ನಾಣ್ಯದ ಪ್ರಶ್ನೆ ಔಪಚಾರಿಕವಲ್ಲ. 2020ರ ಆರಂಭದಲ್ಲಿ ಏಳೂವರೆ ಸುರಿನಾಮ್ ಡಾಲರಿಗೆ ಒಂದು ಅಮೆರಿಕನ್ ಡಾಲರ್ ಎಂಬುದು ಅಧಿಕೃತ ದರವಾಗಿತ್ತು. ದೇಶ ಸಾಲ ತೀರಿಸಲಾಗದೆ ಮುಗ್ಗರಿಸಿ, ಅಂತರರಾಷ್ಟ್ರೀಯ ಹಣಕಾಸು ನಿಧಿಯ ನೆರವಿಗೆ ಕೈಚಾಚಿದ ಮೇಲೆ 2023ರ ವೇಳೆಗೆ ಅದು 37ರ ಆಸುಪಾಸಿಗೆ ಕುಸಿಯಿತು. ಸ್ಥಳೀಯ ನಾಣ್ಯದಲ್ಲಿ ಸಂಬಳ ನಿಗದಿಯಾಗಿದ್ದವರು ಮೂರೇ ವರ್ಷದಲ್ಲಿ ತಮ್ಮ ದುಡಿಮೆಯ ಐದನೆಯ ಒಂದು ಭಾಗದಷ್ಟು ಬೆಲೆಯನ್ನು ಮಾತ್ರ ಊರಿಗೆ ಕಳುಹಿಸಲು ಸಾಧ್ಯವಿತ್ತು. ಸಾಲ ಮಾಡಿ ಹೊರಟವನಿಗೆ ಇದು ಮಾರಣಾಂತಿಕ ಪೆಟ್ಟು. ಸಂಬಳ ಅಮೆರಿಕನ್ ಡಾಲರ್ ಅಥವಾ ಯೂರೋದಲ್ಲಿ ನಿಗದಿಯಾಗಿರುವುದೇ ಕ್ಷೇಮ.

ಕೆಲಸದ ಪರವಾನಗಿಗೆ ಅರ್ಜಿ ಸಲ್ಲಿಸಬೇಕಾದವನು ಉದ್ಯೋಗದಾತನೇ ಹೊರತು ಉದ್ಯೋಗಿಯಲ್ಲ. ದೀರ್ಘಕಾಲ ನೆಲೆಸುವವರು ಹೊರಡುವ ಮುನ್ನವೇ ಅದಕ್ಕೆಂದು ಇರುವ ಪ್ರವೇಶಾನುಮತಿ ಪಡೆದು, ತಲುಪಿದ ಮೇಲೆ ವಾಸದ ಪರವಾನಗಿ ಮಾಡಿಸಿಕೊಳ್ಳಬೇಕು. ಸುರಿನಾಮ್‌ನ ರಾಯಭಾರ ಕಚೇರಿ ನವದೆಹಲಿಯಲ್ಲಿದೆ. ಶುಲ್ಕ, ನಮೂನೆಗಳು ಆಗಾಗ ಬದಲಾಗುವುದರಿಂದ ಅಲ್ಲಿಯೇ ವಿಚಾರಿಸುವುದು ಸೂಕ್ತ. 'ಸದ್ಯ ಪ್ರವಾಸಿಯಾಗಿ ಹೋಗಿ, ಪರವಾನಗಿ ಅಲ್ಲಿ ನೋಡಿಕೊಳ್ಳೋಣ' ಎನ್ನುವ ಸಲಹೆಯನ್ನು ಯಾರೇ ನೀಡಲಿ, ಒಪ್ಪತಕ್ಕದ್ದಲ್ಲ. ಪ್ರವಾಸಿಯಾಗಿ ಹೋಗಿ ದುಡಿಯುವವನಿಗೆ ಕೂಲಿ ಕೊಡದಿದ್ದರೂ ದೂರು ಕೊಡಲು ಧೈರ್ಯವಿರದು; ಅದನ್ನು ಬಲ್ಲ ಮಾಲೀಕರು ಎಲ್ಲ ದೇಶಗಳಲ್ಲೂ ಇದ್ದಾರೆ.

ಏಜೆಂಟರ ಜಾಲ

1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಿ ಉದ್ಯೋಗಕ್ಕೆ ಜನರನ್ನು ಕಳುಹಿಸುವ ಏಜೆಂಟ್ ಕೇಂದ್ರ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಹೊಂದಿರಬೇಕು. ನೋಂದಾಯಿತರ ಪಟ್ಟಿ ಇ-ಮೈಗ್ರೇಟ್ ತಾಣದಲ್ಲಿದೆ. ಕೋಲಾರದ ಯಾವುದೇ ಸೈಬರ್ ಕೆಫೆಯಲ್ಲಿ ಐದು ನಿಮಿಷದಲ್ಲಿ ನೋಡಬಹುದು. ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಹಾಗೂ ಅದರ ಮೇಲಿನ ಜಿಎಸ್‌ಟಿಯನ್ನು ಮೀರುವಂತಿಲ್ಲ, ಅದಕ್ಕೆ ರಸೀದಿಯನ್ನೂ ಕೊಡಬೇಕು. ಲಕ್ಷಗಳ ಮಾತಾಡುವವನು ಯಾರೆಂದು ಇದರಿಂದಲೇ ತಿಳಿಯಬಹುದು.

ಇಲ್ಲೊಂದು ಸೂಕ್ಷ್ಮವಿದೆ. ಹತ್ತನೆಯ ತರಗತಿ ಮುಗಿಸದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಷರತ್ತು ಬೀಳುತ್ತದೆ. ಅಂಥವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಸುರಿನಾಮ್ ಆ ಪಟ್ಟಿಯಲ್ಲಿಲ್ಲ. 'ಅನುಮತಿಯ ರಗಳೆಯೇ ಇಲ್ಲ' ಎಂದು ಏಜೆಂಟರು ಇದನ್ನೇ ಗುಣವೆಂಬಂತೆ ಬಣ್ಣಿಸಬಹುದು. ವಾಸ್ತವದಲ್ಲಿ ಅದರ ಅರ್ಥ, ಹೊರಡುವ ಮುನ್ನ ಕರಾರನ್ನು ಪರಿಶೀಲಿಸುವ ಅಧಿಕಾರಿಯೊಬ್ಬರು ನಡುವೆ ಇರುವುದಿಲ್ಲ ಎಂದು. ಆ ಕೆಲಸವನ್ನು ಹೊರಡುವವನೇ ಮಾಡಿಕೊಳ್ಳಬೇಕು.

ಇನ್ನೂ ಎರಡು ಆಮಿಷಗಳ ಬಗ್ಗೆ ಎಚ್ಚರ ಅಗತ್ಯ. ಸುರಿನಾಮ್ ಡಚ್ಚರ ವಸಾಹತಾಗಿತ್ತು, ಆದ್ದರಿಂದ ಅಲ್ಲಿಂದ ನೆದರ್‌ಲ್ಯಾಂಡ್ಸ್‌ಗೆ ಸುಲಭವಾಗಿ ಹೋಗಬಹುದು ಎಂಬುದು ಒಂದು. 1975ರ ನವೆಂಬರ್ 25ರಂದು ದೇಶ ಸ್ವತಂತ್ರವಾಗುವ ಹೊತ್ತಿನಲ್ಲಿ ಮತ್ತು ನಂತರದ ಐದು ವರ್ಷಗಳಲ್ಲಿ ಜನಸಂಖ್ಯೆಯ ಸುಮಾರು ಮೂರನೆಯ ಒಂದು ಭಾಗ ಹಾಗೆ ಹೊರಟು ಹೋದದ್ದು ನಿಜ. ಆ ಬಾಗಿಲು 1980ರಲ್ಲಿಯೇ ಮುಚ್ಚಿತು. ಈಗ ಸುರಿನಾಮಿನ ಪ್ರಜೆಗಳಿಗೇ ಯುರೋಪಿನ ಷೆಂಗೆನ್ ವೀಸಾ ಬೇಕು. ಅಲ್ಲಿನ ವಾಸದ ಪರವಾನಗಿ ಹಿಡಿದ ಭಾರತೀಯನಿಗೆ ವಿಶೇಷ ಹಕ್ಕೇನೂ ಬರುವುದಿಲ್ಲ.

ಎರಡನೆಯದು ಇದಕ್ಕಿಂತ ಅಪಾಯಕಾರಿ. ದಕ್ಷಿಣ ಅಮೆರಿಕದಲ್ಲಿ ಇಳಿದು, ಕಾಡು ಗಡಿಗಳನ್ನು ದಾಟಿ ಅಮೆರಿಕ ಸಂಯುಕ್ತ ಸಂಸ್ಥಾನ ಸೇರಿಸುವುದಾಗಿ ಹೇಳುವ 'ಡಂಕಿ' ಮಾರ್ಗ. ಹೀಗೆ ಅಕ್ರಮವಾಗಿ ಹೋದವರೂ ಸೇರಿದಂತೆ 104 ಭಾರತೀಯರನ್ನು ಅಮೆರಿಕದ ಸೇನಾ ವಿಮಾನ 2025ರ ಫೆಬ್ರವರಿ 5ರಂದು ಅಮೃತಸರಕ್ಕೆ ತಂದಿಳಿಸಿದ್ದನ್ನು ದೇಶವೇ ನೋಡಿತು. ಹೊಲ ಮಾರಿ ಹೋದವರ ಕೈಗೆ ಕೋಳ ಬಿದ್ದಿತ್ತು.

ಕರ್ನಾಟಕಕ್ಕೂ ಪಾಠಗಳಿಲ್ಲದಿಲ್ಲ. ಗಿಡಮೂಲಿಕೆ, ಎಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗುವ ಹಕ್ಕಿ-ಪಿಕ್ಕಿ ಸಮುದಾಯದವರು 2023ರ ಏಪ್ರಿಲ್‌ನಲ್ಲಿ ಸುಡಾನ್ ಅಂತರ್ಯುದ್ಧದ ನಡುವೆ ಸಿಲುಕಿದಾಗ 'ಆಪರೇಷನ್ ಕಾವೇರಿ' ಮೂಲಕ ಅವರನ್ನು ಕರೆತರಬೇಕಾಯಿತು. ಭದ್ರತಾ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಯುವಕರು ಯುದ್ಧಭೂಮಿಯ ಬಳಿ ಸಿಲುಕಿ, 2024ರಲ್ಲಿ ಮರಳಿದರು. ಎಲ್ಲಿಗೆ ಹೋದರೂ ತಲುಪಿದ ವಾರದಲ್ಲಿಯೇ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ, ಉದ್ಯೋಗದಾತರ ವಿವರ ದಾಖಲಿಸುವುದು ಈ ಕಾರಣಕ್ಕೇ ಮುಖ್ಯ. ಪಾರಾಮಾರಿಬೋದಲ್ಲಿ ಭಾರತದ ರಾಯಭಾರ ಕಚೇರಿ 1977ರಿಂದ ಇದೆ.

ಪ್ರಮಾಣಪತ್ರ, ಪಯಣ

ವಿದ್ಯಾರ್ಹತೆ, ಜನನ, ವಿವಾಹ ಪ್ರಮಾಣಪತ್ರಗಳಿಗೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ 'ಅಪೊಸ್ಟಿಲ್' ಮುದ್ರೆ ಬೇಕು. ಭಾರತ, ಸುರಿನಾಮ್ ಎರಡೂ ಈ ಒಡಂಬಡಿಕೆಗೆ ಸೇರಿರುವುದರಿಂದ ಈ ಮುದ್ರೆಯೊಂದಿದ್ದರೆ ರಾಯಭಾರ ಕಚೇರಿಗೆ ಪುನಃ ಅಲೆಯುವುದು ತಪ್ಪುತ್ತದೆ. ಕನ್ನಡದಲ್ಲಿ ಮಾತ್ರ ಇರುವ ಹಳೆಯ ಜನನ ಪ್ರಮಾಣಪತ್ರಗಳಿದ್ದರೆ ತಾಲ್ಲೂಕು ಕಚೇರಿಯಲ್ಲಿ ಇಂಗ್ಲಿಷ್ ಇರುವ ಹೊಸ ಪ್ರತಿ ಮಾಡಿಸಿಕೊಳ್ಳುವುದು ಮೊದಲ ಕೆಲಸ. ಎಲ್ಲಕ್ಕಿಂತ ಹೆಚ್ಚು ವಿಳಂಬವಾಗುವುದು ಹೆಸರಿನ ಕಾಗುಣಿತದಲ್ಲಿ. ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಸೇರಿ ಮತ್ತೊಂದು ಎಂಬ ಸ್ಥಿತಿ ನಮ್ಮಲ್ಲಿ ಸಾಮಾನ್ಯ. ಇದನ್ನು ಇಲ್ಲಿಯೇ ಸರಿಪಡಿಸಿಕೊಳ್ಳದಿದ್ದರೆ ಅಲ್ಲಿ ತಿಂಗಳುಗಟ್ಟಲೆ ಕಾಯಬೇಕಾದೀತು. ನರ್ಸ್‌ಗಳು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಪತ್ರದ ಜೊತೆಗೆ ಸದ್ವರ್ತನೆಯ ಪತ್ರವನ್ನೂ ಪಡೆದಿರಬೇಕು.

ನೇರ ವಿಮಾನವಿಲ್ಲ. ದೇವನಹಳ್ಳಿಯಿಂದ ಆಮ್‌ಸ್ಟರ್‌ಡ್ಯಾಮ್, ಅಲ್ಲಿಂದ ಸುಮಾರು ಒಂಬತ್ತು ಗಂಟೆ ಅಟ್ಲಾಂಟಿಕ್ ದಾಟಿ ಝಾಂಡರೇ ಗ್ರಾಮದ ಬಳಿಯ ಯೋಹಾನ್ ಅಡೊಲ್ಫ್ ಪೆಂಗೆಲ್ ನಿಲ್ದಾಣ. ಇದು ಸುಲಭದ ದಾರಿ. ರಾಜಧಾನಿ ಅಲ್ಲಿಂದ 45 ಕಿಲೋಮೀಟರ್. ಎರಡೂ ಹಾರಾಟಗಳು ಒಂದೇ ಟಿಕೆಟ್ಟಿನಲ್ಲಿರಬೇಕು. ಬೇರೆ ಬೇರೆ ಟಿಕೆಟ್ ಮಾಡಿ, ಸಾಮಾನು ಹೊರತೆಗೆದು ಮತ್ತೆ ಒಪ್ಪಿಸಬೇಕಾಗಿ ಬಂದರೆ ಷೆಂಗೆನ್ ವೀಸಾ ಬೇಕಾಗುತ್ತದೆ. ಅಗ್ಗವೆಂದು ಮಯಾಮಿ ಮಾರ್ಗ ಹಿಡಿದವರಿಗೆ ಅಲ್ಲಿ ವಿಮಾನ ಬದಲಿಸಲೂ ಅಮೆರಿಕದ ವೀಸಾ ಕಡ್ಡಾಯ.

ಮಾತು, ಮಳೆ, ಮಿಕ್ಸಿ

ಕಚೇರಿ, ಶಾಲೆ, ನ್ಯಾಯಾಲಯ, ಆಸ್ಪತ್ರೆ ಎಲ್ಲವೂ ಡಚ್ ಭಾಷೆಯಲ್ಲಿ. ನಗರದಲ್ಲಿ ಇಂಗ್ಲಿಷ್ ತಿಳಿದವರು ಸಾಕಷ್ಟಿದ್ದರೂ ರೋಗಿಯ ಪಕ್ಕ ನಿಲ್ಲುವ ನರ್ಸ್‌ಗೆ ಡಚ್ ಇಲ್ಲದೆ ನಡೆಯದು. ಆರು ತಿಂಗಳಾದರೂ ಮೊದಲೇ ಕಲಿಕೆ ಆರಂಭಿಸಬೇಕು. ಸಂಖ್ಯೆಗಳಲ್ಲೇ ಮೊದಲ ತೊಡಕು: ನಾವು 'ಇಪ್ಪತ್ತೊಂದು' ಎಂದರೆ ಅವರು 'ಒಂದು ಮತ್ತು ಇಪ್ಪತ್ತು' ಎನ್ನುತ್ತಾರೆ. 52 ಎಂದದ್ದನ್ನು 25 ಎಂದು ಕೇಳಿಸಿಕೊಂಡರೆ ಅಂಗಡಿಯಲ್ಲಿ ನಗೆಪಾಟಲು, ಔಷಧದ ಪ್ರಮಾಣದಲ್ಲಿ ಅನಾಹುತ. ಮಕ್ಕಳ ಶಾಲೆಯ ವಿಚಾರ ಇನ್ನೂ ಗಂಭೀರವಾದದ್ದು. ಎಂಟನೆಯ ತರಗತಿಯ ಮಗುವನ್ನು ಒಮ್ಮೆಲೇ ಡಚ್ ಮಾಧ್ಯಮಕ್ಕೆ ತಳ್ಳುವುದಕ್ಕಿಂತ, ಮೊದಲ ವರ್ಷ ಒಬ್ಬರೇ ಹೋಗಿ ಪರಿಸ್ಥಿತಿ ನೋಡಿ ಕುಟುಂಬವನ್ನು ಕರೆಸಿಕೊಳ್ಳುವುದು ವಿವೇಕ.

ಬೀದಿಯ ಮಾತು ಮಾತ್ರ ಡಚ್ ಅಲ್ಲ, ಸ್ರನಾನ್ ಟೊಂಗೋ. 'ಫಾ ವಾಕಾ?' ಎಂದರೆ 'ಹೇಗಿದ್ದೀರಿ?'. ಭಾರತೀಯ ಮೂಲದವರ ಮನೆಗಳಲ್ಲಿ ಭೋಜ್‌ಪುರಿ ಮೂಲದ ಸರ್ನಾಮಿ ಕೇಳುತ್ತದೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಕೆಜಿಎಫ್‌ನಲ್ಲಿ ತಮಿಳು, ನೆರೆಯವರೊಡನೆ ಉರ್ದು ಎಂದು ಬೆಳೆದ ಶ್ರೀನಿವಾಸಪುರ, ಮುಳಬಾಗಿಲಿನವರಿಗೆ ಇದೇನೂ ಬೆದರಿಸುವ ಸಂಗತಿಯಲ್ಲ. ಉರ್ದು ಬಲ್ಲವರು ಸರ್ನಾಮಿಯನ್ನು ಬೇಗ ಹಿಡಿದಾರು. ಆದರೆ ಕೂಲಿ ಹಡಗುಗಳು ಮದರಾಸಿನಿಂದ ಹೊರಡದ ಕಾರಣ ದಕ್ಷಿಣದ ಭಾಷೆಗಳು ಅಲ್ಲಿ ಬೇರೂರಲಿಲ್ಲ. 2012ರ ಅಲ್ಲಿನ ಗಣತಿಯಲ್ಲಿ ಭಾರತೀಯ ಮೂಲದವರು ಶೇ. 27ರಷ್ಟು, ಹೋಳಿ, ದೀಪಾವಳಿಗಳು ರಾಷ್ಟ್ರೀಯ ರಜಾದಿನಗಳು. ಅಷ್ಟಾದರೂ ಯುಗಾದಿಯಂದು ಬೇವುಬೆಲ್ಲ ಹಂಚಿಕೊಳ್ಳಲು ಪಕ್ಕದ ಮನೆ ಸಿಗುವುದೆಂಬ ನಿರೀಕ್ಷೆ ಬೇಡ.

ಕೆರೆಗೆ ನೀರು ಬಂದದ್ದೇ ಸುದ್ದಿಯಾಗುವ ಜಿಲ್ಲೆಯಿಂದ ಹೋದವರಿಗೆ ಅಲ್ಲಿನ ಮಳೆ ಮೊದಲ ಅಚ್ಚರಿ. ಕೋಲಾರದ ವಾರ್ಷಿಕ ಮಳೆ 700 ಮಿಲಿಮೀಟರಿನ ಆಸುಪಾಸು. ಪಾರಾಮಾರಿಬೋದಲ್ಲಿ 2,000 ಮಿಲಿಮೀಟರಿಗೂ ಮೇಲೆ. ಏಪ್ರಿಲ್ ಕೊನೆಯಿಂದ ಆಗಸ್ಟ್‌ವರೆಗೆ ದೊಡ್ಡ ಮಳೆಗಾಲ, ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಚಿಕ್ಕದು. ಉಷ್ಣಾಂಶ ವರ್ಷವಿಡೀ 23ರಿಂದ 32 ಡಿಗ್ರಿ. ತಗ್ಗಿನ ಬಡಾವಣೆಗಳಲ್ಲಿ ನೀರು ನುಗ್ಗುವುದರಿಂದ ಬಾಡಿಗೆ ಮನೆಯನ್ನು ಮಳೆಗಾಲದಲ್ಲಿ ನೋಡಿ ಹಿಡಿಯುವುದು ಒಳಿತು.

ಊರಿನ ಮಿಕ್ಸಿ ಹೊತ್ತು ಹೋಗುವುದು ವ್ಯರ್ಥ. ಅಲ್ಲಿನ ವಿದ್ಯುತ್ 127 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ವಾಹನಗಳು ಮಾತ್ರ ನಮ್ಮಲ್ಲಿಯಂತೆ ರಸ್ತೆಯ ಎಡಕ್ಕೇ ಓಡುತ್ತವೆ. ಕೋಲಾರ ಅಥವಾ ಕೆಜಿಎಫ್ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡಿದ್ದರೆ ಆರಂಭದ ದಿನಗಳಿಗೆ ಅನುಕೂಲ. ಅಕ್ಕಿ ಯಥೇಚ್ಛ, ಹಾಗಲಕಾಯಿ, ಅಲಸಂದೆ, ಬದನೆ ಮಾರುಕಟ್ಟೆಯಲ್ಲಿ ಸಿಗುತ್ತವೆ, 'ಬಾರಾ' ಎಂಬ ತಿಂಡಿ ನಮ್ಮ ವಡೆಯ ದೂರದ ಬಂಧು. ರಾಗಿ ಅಲ್ಲಿನ ಬೆಳೆಯಲ್ಲ. ಮುದ್ದೆಯಿಲ್ಲದೆ ದಿನ ಕಳೆಯದವರು ಇದನ್ನು ಹಾಸ್ಯವೆಂದು ತಳ್ಳಿಹಾಕದೆ ಮನಸ್ಸನ್ನು ಸಿದ್ಧಪಡಿಸಿಕೊಳ್ಳಬೇಕು.

ಅಲ್ಲಿ ನಡುರಾತ್ರಿ 12 ಆದಾಗ ಇಲ್ಲಿ ಬೆಳಗಿನ ಎಂಟೂವರೆ. ಮನೆಗೆ ಕರೆ ಮಾಡಲು ಅಲ್ಲಿನ ಬೆಳಗಿನ ಹೊತ್ತೇ ಸೂಕ್ತ.

ಊರಿನ ಜಮೀನು

ಮಾಲೂರು, ನರಸಾಪುರ, ವೇಮಗಲ್ ಸುತ್ತಮುತ್ತ ಭೂಮಿಯ ಬೆಲೆ ಏರಿರುವ ಈ ದಿನಗಳಲ್ಲಿ ಹೊರದೇಶಕ್ಕೆ ಹೋಗುವವನ ಬೆನ್ನಹಿಂದೆ ಪಹಣಿಯ ಮೇಲೆ ಕಣ್ಣಿಡುವವರಿಗೆ ಕೊರತೆಯಿಲ್ಲ. ಅನಿವಾಸಿ ಭಾರತೀಯನಾದವನು ಇರುವ ಕೃಷಿ ಜಮೀನನ್ನು ಉಳಿಸಿಕೊಳ್ಳಬಹುದು, ಪಿತ್ರಾರ್ಜಿತವಾಗಿಯೂ ಪಡೆಯಬಹುದು, ಹೊಸದಾಗಿ ಕೊಳ್ಳುವಂತಿಲ್ಲ. ಪಕ್ಕದ ಹೊಲ ಕೊಳ್ಳುವ ಯೋಚನೆಯಿದ್ದರೆ ಅದು ಹೊರಡುವ ಮುನ್ನ ಮುಗಿಯಬೇಕು. ಅಧಿಕಾರಪತ್ರ ಬರೆದುಕೊಡುವುದಿದ್ದರೆ ಕಂದಾಯ ಕಟ್ಟಲು, ಸಾಗುವಳಿ ಮಾಡಿಸಲು ಎಂದು ನಿರ್ದಿಷ್ಟವಾಗಿ ಬರೆಯಿಸಬೇಕು. ಮಾರಾಟದ ಅಧಿಕಾರವನ್ನು ಅಣ್ಣತಮ್ಮಂದಿರಿಗೇ ಆದರೂ ಸೇರಿಸುವ ಮುನ್ನ ವಕೀಲರನ್ನು ಕೇಳುವುದು ಸರಿ. ಬ್ಯಾಂಕಿನ ಉಳಿತಾಯ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಿಸಿಕೊಳ್ಳುವುದೂ ಕಾನೂನಿನ ಅಗತ್ಯ.

ಹಳದಿ ಜ್ವರದ ಲಸಿಕೆ

ಮಲೇರಿಯಾ ಮುಕ್ತ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ ಸುರಿನಾಮ್‌ಗೆ 2025ರ ಜೂನ್‌ನಲ್ಲಿ ಪ್ರಮಾಣಪತ್ರ ನೀಡಿತು. ಅಮೆಜಾನ್ ಪ್ರದೇಶದಲ್ಲಿ ಈ ಗೌರವ ಪಡೆದ ಮೊದಲ ದೇಶ ಅದು. ಡೆಂಗಿಯ ಕಾಟ ಮಾತ್ರ ತಪ್ಪಿಲ್ಲ. ಹಳದಿ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿ ಅದರ ಹೆಸರು ಇದೆ. ಈ ಲಸಿಕೆ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಸರ್ಕಾರದ ಮಾನ್ಯತೆ ಪಡೆದ ಕೇಂದ್ರದಲ್ಲಿ ಮುಂಚಿತವಾಗಿ ದಿನ ಗೊತ್ತುಮಾಡಿಕೊಂಡು, ಹೊರಡುವುದಕ್ಕೆ ಕನಿಷ್ಠ 10 ದಿನ ಮುನ್ನ ಹಾಕಿಸಿಕೊಳ್ಳಬೇಕು. 2016ರ ನಂತರದ ನಿಯಮದಂತೆ ಒಮ್ಮೆ ಪಡೆದ ಪ್ರಮಾಣಪತ್ರ ಜೀವನಪರ್ಯಂತ ಸಿಂಧು. ಹೋಗುವಾಗ ಯಾರೂ ಕೇಳದಿದ್ದರೂ ಮರಳುವಾಗ ದೇವನಹಳ್ಳಿಯಲ್ಲಿ ಕೇಳುತ್ತಾರೆ. ತೋರಿಸದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿರಿಸುವ ಅಧಿಕಾರ ಆರೋಗ್ಯಾಧಿಕಾರಿಗಳಿಗಿದೆ. ಆ ಹಳದಿ ಪುಸ್ತಿಕೆ ಪಾಸ್‌ಪೋರ್ಟಿನ ಜೊತೆಯಲ್ಲಿ ಕೈಚೀಲದಲ್ಲಿಯೇ ಇರಬೇಕು, ವಿಮಾನಕ್ಕೆ ಒಪ್ಪಿಸುವ ಪೆಟ್ಟಿಗೆಯಲ್ಲಲ್ಲ.